ಹಿಮ್ಮಡಿ ಊರದ ರಾಣಿ

"ರಾಣೀನ ಇನ್ನೊಂದು ಸಲ ನಡೆಸಿ," ಎಂದಳು ವಾರ್ಡರಮ್ಮ.

ಮೂಳೆ ಮೇಷ್ಟ್ರು ಗುಂಡಿ ಒತ್ತಿದರು. ಪರದೆಯ ಮೇಲೆ ಆಟದ ರಾಣಿ ಸಿಂಹಾಸನದಿಂದ ಎದ್ದಳು. ಉದ್ದನೆಯ ಹಜಾರ ದಾಟಿ ಬಾಗಿಲ ತನಕ ನಡೆದು ನಿಂತಳು. ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿತು. ಮೈಮೇಲೆ ಬಟ್ಟೆಗಿಂತ ಬೆಳಕೇ ಹೆಚ್ಚಿತ್ತು.

"ಇದೇ ನೋಡಿ ಅಮ್ಮ, ಎಲ್ಲರೂ ಹೊಗಳ್ತಿರೋ ನಡಿಗೆ," ಎಂದರು ಮೇಷ್ಟ್ರು. "ಆಡೋ ಹುಡುಗರು ಇವಳನ್ನ ಹಿಂದಿನಿಂದ ನಡೆಸ್ತಾ ಸುಮ್ಮನೆ ಕೂತಿರ್ತಾರಂತೆ. ಯುದ್ಧಕ್ಕೇ ಹೋಗಲ್ಲವಂತೆ."

ವಾರ್ಡರಮ್ಮ ನಗಲಿಲ್ಲ. ಆಕೆ ನೋಡುತ್ತಿದ್ದುದು ರಾಣಿಯ ಪಾದಗಳನ್ನು.

"ಈಗ ಮೀನು ಮಾರುವವಳು."

ಮೀನು ಮಾರುವವಳು ಬುಟ್ಟಿ ಹೊತ್ತು ಸಂತೆಬೀದಿಯಲ್ಲಿ ಬಂದಳು. ಅದೇ ತೂಗು, ಅದೇ ಪಾದ. ಆಮೇಲೆ ದೀಪ ಹಿಡಿದ ದಾಸಿ, ಕಾಡಿನ ಮಾಟಗಾತಿ, ಕೋಟೆಬಾಗಿಲ ಬಳಿ ಭಿಕ್ಷೆ ಬೇಡುವ ಹಣ್ಣು ಮುದುಕಿ. ಮುಖ ಬೇರೆ, ಸೀರೆ ಬೇರೆ, ಚರ್ಮದ ಬಣ್ಣ ಬೇರೆ. ನಡೆಯುತ್ತಿದ್ದವಳು ಮಾತ್ರ ಒಬ್ಬಳೇ.

ಆಟಕ್ಕಾಗಿ ಹಾಗೆ ನಡೆದುಕೊಟ್ಟ ಹುಡುಗಿ ಕಾಣೆಯಾಗಿ ಒಂದು ಚಳಿಗಾಲ ಕಳೆದಿತ್ತು. ಅಕ್ಕ ಭಾವನ ಮನೆಯಲ್ಲಿದ್ದ ಆ ತಂಗಿ ಒಂದು ಬೆಳಗ್ಗೆ ಹಾಸಿಗೆಯಲ್ಲಿರಲಿಲ್ಲ, ಅಷ್ಟೇ. ಈ ವಾರ ಹೊಸದೇನೂ ಸಿಗದಿದ್ದರೆ ಕಡತ ಮುಚ್ಚುತ್ತೇವೆ ಎಂದು ಪೊಲೀಸರು ಹೇಳಿಯಾಗಿತ್ತು.

ವಾರ್ಡರಮ್ಮ ಹೆಂಗಸರ ಜೈಲಿನಲ್ಲಿ ಕಾವಲಿದ್ದವಳು. ವಯಸ್ಸಾಗಿ ಆ ಕೆಲಸ ಬಿಟ್ಟ ಮೇಲೆ, ಕಳೆದುಹೋದವರನ್ನು ಹುಡುಕಿಕೊಡುವುದೇ ಕಸುಬಾಯಿತು. ಜೈಲಿನ ಅಂಗಳದಲ್ಲಿ ಹೆಂಗಸರು ಸಂಜೆ ಸುತ್ತು ಹಾಕುವಾಗ ಆಕೆ ಮೇಲಿನ ಕಟ್ಟೆಯಿಂದ ನೋಡಬೇಕಿತ್ತು. ಮೇಲಿಂದ ಮುಖ ಕಾಣುವುದಿಲ್ಲ. ಎಲ್ಲರ ತಲೆಯೂ ಒಂದೇ, ಎಲ್ಲರ ಬಟ್ಟೆಯೂ ಒಂದೇ. ಹಾಗಾಗಿ ನಡಿಗೆಯಲ್ಲೇ ಗುರುತು ಹಿಡಿಯುವುದು ರೂಢಿಯಾಯಿತು. ಯಾರಿಗೆ ಕಾಗದ ಬಂದಿದೆ, ಯಾರಿಗೆ ಬಂದಿಲ್ಲ, ಯಾರ ಮಗು ಸತ್ತಿದೆ, ಎಲ್ಲವೂ ಕಾಲಿನಲ್ಲಿ ಗೊತ್ತಾಗುತ್ತಿತ್ತು.

ಈಗ ಆಕೆಗೆ ಒಂದು ಕೋಣೆ, ಒಂದು ಕುರ್ಚಿ, ಬೀದಿಗೆ ತೆರೆದ ಒಂದು ಕಿಟಕಿ. ಹಗಲೆಲ್ಲ ಕಿಟಕಿಯಲ್ಲಿ ಕೂತು ಹೋಗುವವರ ಕಾಲು ನೋಡುತ್ತಾಳೆ. ಇಡೀ ಬೀದಿ ಆಕೆಗೆ ಪರಿಚಯ. ಬೀದಿಯಲ್ಲಿ ಆಕೆಯ ಪರಿಚಯ ಯಾರಿಗೂ ಇಲ್ಲ.

ಮೊನ್ನೆ ದೊಡ್ಡ ಅಂಗಡಿಯೊಂದರ ಗಾಜಿನೊಳಗೆ ಆ ತಂಗಿ ನಡೆದುಕೊಟ್ಟ ಈ ಹೊಸ ಆಟವನ್ನು ತೋರಿಸುತ್ತಿದ್ದರು. ಆಕೆ ದಾರಿಯಲ್ಲಿ ಹೋಗುತ್ತಿದ್ದವಳು ನಿಂತಳು. ರಾಣಿಯ ಪಾದ ಕಂಡು ನಿಂತವಳು ನಿಂತೇ ಇದ್ದಳು.

"ಮೇಷ್ಟ್ರೇ, ಗಂಡಸರ ನಡಿಗೆ ಎಷ್ಟಿದೆ ನಿಮ್ಮ ಹತ್ತಿರ?"

"ಬೇಕಾದಷ್ಟು. ಸಿಪಾಯಿ, ಕುಡುಕ, ರಾಜ, ಕುಂಟ, ಸೋತು ಬರೋ ಸಿಪಾಯಿ, ಗೆದ್ದು ಬರೋ ಸಿಪಾಯಿ. ಬೇರೆ ಬೇರೆ ಜನ ಬಂದು ನಡೆದುಕೊಟ್ಟಿದ್ದು."

"ಹೆಂಗಸರದ್ದು?"

ಮೇಷ್ಟ್ರು ಪರದೆಯ ಮೂಲೆಗೆ ಬೆರಳು ತೋರಿಸಿದರು. ಗಂಡಸರ ಸಾಲು ಕೆಳಗಿಳಿಯುತ್ತಲೇ ಇತ್ತು. ಅದರ ಪಕ್ಕದಲ್ಲಿ ಒಂದೇ ಒಂದು ಹೆಸರು. ಹೆಂಗಸು.

ಮೇಷ್ಟ್ರೆಂದರೆ ಪಾಠ ಹೇಳುವವರಲ್ಲ. ಆಟದ ಗೊಂಬೆಗಳೊಳಗೆ ಮೂಳೆ ಜೋಡಿಸುವುದು ಅವರ ಕೆಲಸ, ಅದಕ್ಕೇ ಆ ಅಡ್ಡಹೆಸರು. ಮೊದಲ ಭೇಟಿಯಲ್ಲೇ ಅವರು ಕೆಲಸದ ರೀತಿಯನ್ನೆಲ್ಲ ಬಿಡಿಸಿ ಹೇಳಿದ್ದರು. ನಡೆದುಕೊಡುವವರು ಮಿಣುಕುವ ಗುಂಡುಗಳನ್ನು ಅಂಟಿಸಿದ ಕಪ್ಪು ಬಿಗಿಬಟ್ಟೆ ತೊಟ್ಟು ಖಾಲಿ ಹಜಾರದಲ್ಲಿ ನಡೆಯಬೇಕು. ಸುತ್ತಲಿನ ಕ್ಯಾಮೆರಾಗಳು ಮೈಯನ್ನು ಬಿಟ್ಟು ಚಲನೆಯನ್ನಷ್ಟೇ ಹಿಡಿಯುತ್ತವೆ. ಆ ಚಲನೆಯನ್ನು ಮೂಳೆಗೆ ಕೊಟ್ಟು, ಮೂಳೆಯ ಮೇಲೆ ಯಾವ ಮೈ ಬೇಕಾದರೂ ಹೊದಿಸಬಹುದು. ಹೀಗೆ ಆ ತಂಗಿಯ ಮೇಲೆ ಒಂದು ಊರಿಗಾಗುವಷ್ಟು ಹೆಂಗಸರನ್ನು ಹೊದಿಸಿದ್ದರು.

ವಾರ್ಡರಮ್ಮನನ್ನು ಕಾಡಿದ್ದು ಅದೇ. ರಾಣಿ ದಾಸಿಯನ್ನು ಕರೆಯುತ್ತಾಳೆ, ದಾಸಿ ಮುದುಕಿಗೆ ಅನ್ನ ಹಾಕುತ್ತಾಳೆ, ಮುದುಕಿ ಮಾಟಗಾತಿಯ ಗುಡಿಸಲು ಸೇರುತ್ತಾಳೆ. ಅಲ್ಲಿ ಎದುರು ಬರುವವಳೂ ಅವಳೇ, ದಾರಿ ಬಿಡುವವಳೂ ಅವಳೇ. ಅಷ್ಟು ದೊಡ್ಡ ಊರಿನಲ್ಲಿ ಅವಳಿಗೆ ಇನ್ನೊಬ್ಬ ಹೆಂಗಸಿನ ಜೊತೆಯಿಲ್ಲ.

"ಇದನ್ನ ಯಾವಾಗ ಹಿಡಿದಿದ್ದು?"

"ಹಳೇದು ಅಮ್ಮ. ಪೊಲೀಸರಿಗೂ ಹೇಳಿದೀವಲ್ಲ. ಚಳಿ ಶುರುವಾಗೋಕೆ ಎಷ್ಟೋ ಮುಂಚೆ. ಆಮೇಲೆ ಆ ಹುಡುಗಿ ಈ ಕಡೆ ಬರಲೇ ಇಲ್ಲ."

ಆಟಗಾರರ ಕಾಟಕ್ಕೆ ಹೆದರಿ ಕೆಲಸ ಬಿಟ್ಟಳು ಎಂಬುದು ಆಟ ಮಾಡುವ ಇವರ ಹೇಳಿಕೆ. ಅದರಲ್ಲಿ ಅರ್ಧ ನಿಜವೂ ಇತ್ತು. ಹಿಂದಿನ ಆಟ ಬಂದಾಗ ಅವಳು ಇಂಟರ್ನೆಟ್ಟಿನಲ್ಲಿ ಎಲ್ಲರೂ ಓದುವ ಕಡೆ ಒಂದು ಮಾತು ಬರೆದಿದ್ದಳು. ಯುದ್ಧಕ್ಕೆ ಹೋಗುವ ಸಿಪಾಯಿಗೆ ಮೂಗಿನ ತನಕ ಕಬ್ಬಿಣ, ಅದೇ ಯುದ್ಧಕ್ಕೆ ಹೋಗುವ ರಾಣಿಗೆ ಹೊಟ್ಟೆ ಬರಿದು, ಇದೇಕೆ ಎಂದು. ಕೇಳಿದ್ದು ಅಷ್ಟೇ. ಆಡುವವರು ಮುಗಿಬಿದ್ದರು. ಬಾಯಿಗೆ ಬಂದದ್ದೆಲ್ಲ ಬರೆದರು. ಮನೆಗೆ ಬಂದು ನೋಡಿಕೊಳ್ಳುತ್ತೇವೆ ಎಂದರು. ಇಲ್ಲಿನ ಯಜಮಾನ ಅದನ್ನು ನಿಲ್ಲಿಸಲಿಲ್ಲ. ಗದ್ದಲವಾದಷ್ಟೂ ಆಟಕ್ಕೆ ಒಳ್ಳೆಯದು ಎಂದು ಕೈಕಟ್ಟಿ ಕೂತ.

"ಅವಳು ಕೇಳಿದ್ದಕ್ಕೆ ನೀವು ಉತ್ತರ ಕೊಡಲೇ ಇಲ್ಲವಲ್ಲ, ಮೇಷ್ಟ್ರೇ."

ಮೇಷ್ಟ್ರು ತಲೆ ಕೆರೆದುಕೊಂಡರು. "ಕಥೇಲಿ ಕೊಟ್ಟಿದೀವಿ. ರಾಣಿ ಹೊಟ್ಟೆಗೆ ಬಾಣ ತಾಗದ ಹಾಗೆ ವರ ಇದೆ."

"ಆ ವರ ಸಿಪಾಯಿಗಳಿಗೂ ಕೊಟ್ಟಿದ್ದರೆ ಕಬ್ಬಿಣ ಉಳೀತಿತ್ತು."

ಮೇಷ್ಟ್ರು ನಗಲು ಹೋಗಿ ನಿಂತರು. ಕೆಟ್ಟ ಮನುಷ್ಯನಲ್ಲ ಎಂದು ವಾರ್ಡರಮ್ಮನಿಗೆ ಆಗಲೇ ಅನ್ನಿಸಿತ್ತು. ಹೇಳಿದ್ದನ್ನು ಮಾಡುವ ಜಾತಿ, ಅಷ್ಟೇ. ಜೈಲಿನಲ್ಲೂ ಅಂಥವರೇ ಹೆಚ್ಚು, ಬೀಗದ ಆ ಕಡೆಯೂ ಈ ಕಡೆಯೂ.

"ಹಿಂದಿನ ಆಟದ ರಾಣೀನ ತೋರಿಸಿ. ಎರಡನ್ನೂ ಅಕ್ಕಪಕ್ಕ ನಡೆಸಿ. ಮೈ ಬೇಡ, ಮೂಳೆ ಸಾಕು."

ಮೇಷ್ಟ್ರ ಕೈ ಗುಂಡಿಯ ಮೇಲೆ ತಡೆಯಿತು. ಆಮೇಲೆ ಒತ್ತಿದರು.

ಕಪ್ಪು ಪರದೆಯ ಮೇಲೆ ಎರಡು ಬಿಳಿ ಗೂಡುಗಳು ನಿಂತವು. ಮುಖವಿಲ್ಲ, ಕೂದಲಿಲ್ಲ, ಕಣ್ಣು ಹಾಯಿಸಲು ಎದೆಯಿಲ್ಲ. ಎರಡೂ ಹೆಜ್ಜೆ ಹಾಕಿದವು.

ಎಡಗಡೆಯದು ಹಳೆಯ ನಡಿಗೆ. ಹಿಮ್ಮಡಿ ನೆಲಕ್ಕೆ ತಾಗಿ, ಪಾದ ಉರುಳಿ, ಬೆರಳಲ್ಲಿ ಎದ್ದು ಹೋಗುತ್ತಿತ್ತು. ತೋಳುಗಳೆರಡೂ ಸಲೀಸಾಗಿ ಬೀಸುತ್ತಿದ್ದವು. ಬಸ್ಸು ಹಿಡಿಯಲು ಹೊರಟವಳ ನಡಿಗೆ, ಬಸ್ಸು ತಪ್ಪಿದರೂ ಬೇಸರವಿಲ್ಲದವಳ ನಡಿಗೆ.

ಬಲಗಡೆಯದು ಹೊಸದು. ಎಡ ಹಿಮ್ಮಡಿ ನೆಲ ಮುಟ್ಟುತ್ತಲೇ ಇರಲಿಲ್ಲ. ಪಾದದ ಹೊರ ಅಂಚು ಅರೆಗಳಿಗೆ ಊರಿ ಎದ್ದುಬಿಡುತ್ತಿತ್ತು. ಆ ಕಾಲಿಗೆ ಭಾರ ಬೀಳದಿರಲೆಂದು ಸೊಂಟ ಅತ್ತ ವಾಲುತ್ತಿತ್ತು, ಮತ್ತೆ ಇತ್ತ ಬೀಳುತ್ತಿತ್ತು. ಬಲ ಮೊಣಕೈ ಪಕ್ಕೆಯನ್ನು ಬಿಟ್ಟು ಅಲುಗುತ್ತಿರಲಿಲ್ಲ.

"ಎರಡೂ ಒಂದೇ ದಿನದ್ದಲ್ಲ," ಎಂದಳು ವಾರ್ಡರಮ್ಮ.

ಮೇಷ್ಟ್ರು ನಾಲಿಗೆ ಒದ್ದೆ ಮಾಡಿಕೊಂಡರು. ಹಳೆಯದು ಯಜಮಾನರಿಗೆ ಹಿಡಿಸಿರಲಿಲ್ಲ, ಗಂಡುಬೀರಿಯ ಹಾಗೆ ನಡೀತಾಳೆ ಅಂದರು, ಬಳುಕು ಬೇಕು ಅಂದರು, ಅವಳು ಬಳುಕಲು ಒಪ್ಪಲಿಲ್ಲ ಎಂದೆಲ್ಲ ತೊದಲಿದರು. ಎಷ್ಟೋ ಸಲ ಹೇಳಿ ನೋಡಿದರಂತೆ. ಹಿಂದಿನಿಂದ ನೋಡುವವನಿಗೆ ಏನಾದರೂ ಸಿಗಬೇಕಲ್ಲ ಎಂದರಂತೆ. ಅವಳು ಕಪ್ಪು ಬಟ್ಟೆ ಕಳಚಿಟ್ಟು ಮನೆಗೆ ಹೋದಳಂತೆ.

"ಆಮೇಲೆ ಒಪ್ಪಿದಳಾ?"

"ಆಮೇಲೆ... ತಾನಾಗೇ ಬಂತು. ನಾವು ಏನೂ ಹೇಳಲಿಲ್ಲ ಅಮ್ಮ. ಬಂದು ನಡೆದಳು, ಬಳುಕು ಅದರಲ್ಲೇ ಇತ್ತು. ಯಜಮಾನರು ಪರದೇಲಿ ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈಗ ಸರಿಯಾಯ್ತು, ಈಗ ಹೆಂಗಸಾದಳು ಅಂದರು."

ಪರದೆಯ ಮೇಲೆ ಬಿಳಿಯ ಗೂಡು ಬಾಗಿಲ ತನಕ ಹೋಗಿ, ಮತ್ತೆ ಮೊದಲಿನಿಂದ ಹೊರಟು, ಮತ್ತೆ ಬಾಗಿಲ ತನಕ ಹೋಯಿತು. ನಿಲ್ಲಿಸುವವರಿಲ್ಲದೆ ಹೋಗುತ್ತಲೇ ಇತ್ತು.

"ಅದು ಬಳುಕಲ್ಲ, ಮೇಷ್ಟ್ರೇ. ಅವಳಿಗೆ ಹಿಮ್ಮಡಿ ಊರೋಕಾಗ್ತಿಲ್ಲ."

ಮೇಷ್ಟ್ರು ಪರದೆಯ ಕಡೆ ಬಾಗಿದರು. ಗಂಡಸರ ನಡಿಗೆಯಲ್ಲಾಗಿದ್ದರೆ ಅವರ ಕಣ್ಣಿಗೆ ಮೊದಲೇ ಬೀಳುತ್ತಿತ್ತು. ಕುಂಟನ ನಡಿಗೆಯನ್ನು ಅವರೇ ಹೆಜ್ಜೆ ಹೆಜ್ಜೆಯಾಗಿ ತಿದ್ದಿ ಕೂರಿಸಿದವರು. ಆದರೆ ರಾಣಿಯ ಪಾದಗಳನ್ನು ನೋಡುವ ಪ್ರಮೇಯ ಈ ಕಟ್ಟಡದಲ್ಲಿ ಯಾರಿಗೂ ಬಂದಿರಲಿಲ್ಲ. ನೋಟ ಅಷ್ಟು ಕೆಳಗೆ ಇಳಿದಿರಲೇ ಇಲ್ಲ.

ಅವರು ಒಮ್ಮೆ ನಡೆಸಿದರು. ನಿಧಾನ ಮಾಡಿ ಇನ್ನೊಮ್ಮೆ ನಡೆಸಿದರು. ಆಮೇಲೆ ನಿಲ್ಲಿಸಿ, ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

"ಇಡೀ ಆಟದ ತುಂಬ ಇದೇ ಇದೆ," ಎಂದರು ಮೆಲ್ಲಗೆ. "ಜನ ಇದನ್ನೇ ಕೊಂಡಾಡ್ತಿದಾರೆ."

ವಾರ್ಡರಮ್ಮ ಲೆಕ್ಕಾಚಾರವನ್ನು ಮುಂದಿಟ್ಟಳು. ಆ ತಂಗಿ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ನೋಯಿಸಿಕೊಂಡದ್ದು ಚಳಿ ಶುರುವಾದ ಮೇಲೆ. ಅಕ್ಕನೂ ಭಾವನೂ ಹಾಗೆಂದೇ ಹೇಳಿದ್ದಾರೆ. ಬಿದ್ದವಳು ಹಾಸಿಗೆ ಹಿಡಿದಳು, ಹಾಸಿಗೆಯಿಂದಲೇ ಕಾಣೆಯಾದಳು. ಅಂದ ಮೇಲೆ ಈ ನಡಿಗೆಯನ್ನು ಅವಳು ನಡೆದದ್ದು ಕಾಣೆಯಾದ ಮೇಲೆ. ಇದೇ ಹಜಾರದಲ್ಲಿ. ಇದೇ ಮೇಷ್ಟ್ರ ಎದುರು.

ಮೇಷ್ಟ್ರು ಇಲ್ಲವೆನ್ನಲಿಲ್ಲ.

"ಅವಳ ಅಕ್ಕ ನನ್ನ ಕೇಳಿದ್ದು ಒಂದೇ," ಎಂದಳು ವಾರ್ಡರಮ್ಮ. "ಬದುಕಿದಾಳಾ ಇಲ್ಲವಾ ಅಂತ. ಗೊತ್ತಾದ ಕೂಡಲೇ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ಪಾಪ, ಕೆಳಗೆ ಗಾಡೀಲಿ ಕಾಯ್ತಿದಾಳೆ."

ಮೇಷ್ಟ್ರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ವಾಪಸು ಬಂದು, ಕೂರದೆ, ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದರು.

ಒಂದು ಬೆಳಗ್ಗೆ ಅವಳು ಬಂದು ಈ ಮೆಟ್ಟಿಲ ಮೇಲೆ ಕೂತಿದ್ದಳಂತೆ, ಕೈಯಲ್ಲಿ ಒಂದು ಸಣ್ಣ ಚೀಲ. ನಡೆದುಕೊಡುತ್ತೇನೆ, ಆದರೆ ಬಂದಿದ್ದೆ ಎಂದು ಯಾರಿಗೂ ಹೇಳಬೇಡಿ ಎಂದಳಂತೆ. ಈ ಕಟ್ಟಡದಲ್ಲಿ ಹೆಂಗಸರ ಶೌಚದ ಕೋಣೆಗೆ ಮುರಿದ ಕುರ್ಚಿಗಳನ್ನು ತುಂಬಿಸಿ ವರ್ಷಗಳೇ ಆಗಿವೆ. ಅವಳು ಬಟ್ಟೆ ಬದಲಾಯಿಸಲು ಯಾವಾಗಲೂ ಎದುರಿನ ಹೊಲಿಗೆ ಅಂಗಡಿಗೆ ಹೋಗಬೇಕಿತ್ತು. ಆ ದಿನ ಬೀದಿ ದಾಟಲು ಹೆದರಿದಳಂತೆ. ಮೇಷ್ಟ್ರು ಕುರ್ಚಿಗಳನ್ನು ಹೊರಗೆ ಹಾಕಿ ಜಾಗ ಮಾಡಿಕೊಟ್ಟರು. ಕೆಲವು ರಾತ್ರಿ ಅವಳು ಆ ಕೋಣೆಯಲ್ಲೇ ಮಲಗಿದಳು.

"ಯಾರಿಗೆ ಹೆದರಿದ್ದಳು? ಆಟಗಾರರಿಗಾ?"

"ನಾನೂ ಹಾಗೇ ಅಂದುಕೊಂಡಿದ್ದೆ. ಕೇಳಿದೆ. ಅವಳು ಅಂದಿದ್ದು..." ಮೇಷ್ಟ್ರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಮತ್ತೆ ಹೇಳಿದರು. "ಬೈದು ಬರೆಯೋರಲ್ಲಿ ಒಬ್ಬನಿಗೆ ನಾನು ರಾತ್ರಿ ಎಷ್ಟು ಹೊತ್ತಿಗೆ ದೀಪ ಆರಿಸ್ತೀನಿ ಅಂತ ಗೊತ್ತಿದೆ ಅಂದಳು. ನನ್ನ ಕೋಣೆ ಬಾಗಿಲ ಚಿಲಕ ಸರಿಯಿಲ್ಲ ಅಂತಲೂ ಗೊತ್ತಿದೆ ಅಂದಳು."

ಹೊರಗಿನ ಕೋಣೆಯಲ್ಲಿ ಯಾರೋ ಆಟ ಆಡಿ ನೋಡುತ್ತಿದ್ದರು. ಬಾಣಗಳು ಹಾರುವ ಸದ್ದು, ಒಬ್ಬ ಹೆಂಗಸು ಸಾಯುವ ಸದ್ದು. ಅದೇ ಹೆಂಗಸು ಮತ್ತೊಮ್ಮೆ ಸತ್ತಳು.

ವಾರ್ಡರಮ್ಮನ ಕಣ್ಣು ಪರದೆಯ ಮೇಲೆ ನಿಂತಿದ್ದ ಬಲ ಮೊಣಕೈಯ ಮೇಲೆಯೇ ಇತ್ತು. ಜಾರಿ ಬೀಳುವವರು ಕೈ ಮುಂದೆ ಚಾಚುತ್ತಾರೆ. ಅಂಥವರಿಗೆ ಮಣಿಕಟ್ಟು ನೋಯುತ್ತದೆ, ಮೊಣಕಾಲು ನೋಯುತ್ತದೆ. ಎಡ ಹಿಮ್ಮಡಿ ಮತ್ತು ಬಲ ಪಕ್ಕೆ ಒಟ್ಟಿಗೆ ನೋಯುವ ಹಾಗೆ ಯಾವ ಮೆಟ್ಟಿಲೂ ಹೊಡೆಯುವುದಿಲ್ಲ. ಜೈಲಿಗೆ ಹೊಸದಾಗಿ ಬಂದ ಹೆಂಗಸರಲ್ಲಿ ಕೆಲವರು ಮೊದಲ ವಾರ ಹೀಗೇ ಸುತ್ತು ಹಾಕುತ್ತಿದ್ದರು. ಏನಾಯಿತೆಂದು ಕೇಳಿದರೆ ಅವರೂ ಮೆಟ್ಟಿಲಿನ ಹೆಸರೇ ಹೇಳುತ್ತಿದ್ದರು.

"ಯಾರಿಗೂ ಹೇಳಬೇಡಿ ಅಂದಳಲ್ಲ. ಯಾರಿಗೂ ಅಂದರೆ?"

"ಪೊಲೀಸರಿಗೆ, ಯಜಮಾನರಿಗೆ. ಎಲ್ಲರಿಗಿಂತ ಮೊದಲು ಮನೆಯವರಿಗೆ."

ಅವಳು ಹೋದದ್ದೆಲ್ಲಿಗೆ ಎಂದರೆ ತನಗೆ ಗೊತ್ತಿಲ್ಲ ಎಂದರು ಮೇಷ್ಟ್ರು. ಬದುಕಿದ್ದಾಳೆಯೇ ಎಂದರೆ, ಬಾಯಲ್ಲಿ ಹೇಳದೆ, ಇನ್ನೊಂದು ಕಡತ ತೆರೆದರು.

ಕಪ್ಪು ಪರದೆಯ ಮೇಲೆ ಒಂದೇ ಗೂಡು. ಬೆನ್ನು ಬಾಗಿತ್ತು. ಒಂದು ಕೈ, ಇಲ್ಲದ ಕೋಲೊಂದನ್ನು ಹಿಡಿದ ಹಾಗಿತ್ತು. ನಿಂತು, ಉಸಿರು ತೆಗೆದುಕೊಂಡು, ಎರಡು ಹೆಜ್ಜೆ ಇಟ್ಟು, ಮತ್ತೆ ನಿಂತು ಯಾರನ್ನೋ ತಿರುಗಿ ನೋಡಿತು. ಮುದುಕಿಯ ನಡಿಗೆ. ಹಣ್ಣು ಮುದುಕಿಯೊಬ್ಬಳು ತನಗಾಗಿ ಮಾತ್ರ ನಡೆಯುವ ನಡಿಗೆ, ಯಾರೂ ಹಿಂದಿನಿಂದ ನೋಡದಿದ್ದಾಗ.

"ಕಳೆದ ವಾರ ಬಂದಿದ್ದಳು," ಎಂದರು ಮೇಷ್ಟ್ರು. "ಮುದುಕಿಗೆ ರಾಣಿ ನಡಿಗೆ ಕೊಟ್ಟಿದೀರಲ್ಲ, ನಿಮಗೆ ಅಜ್ಜಿ ಇರಲಿಲ್ಲವಾ ಅಂತ ಕೇಳಿದಳು. ತಾನೇ ನಡೆದುಕೊಟ್ಟಳು. ಯಜಮಾನರಿಗೆ ಇನ್ನೂ ತೋರಿಸಿಲ್ಲ."

ವಾರ್ಡರಮ್ಮ ಕಾಲು ನೋಡಿದಳು. ಎಡ ಹಿಮ್ಮಡಿ ನೆಲಕ್ಕೆ ತಾಗಿತು, ಊರಿತು, ಭಾರ ಹೊತ್ತಿತು.

ಆಕೆ ಕುರ್ಚಿಗೆ ಒರಗಿದಳು. ಯಾರಿಗಾದರೂ ಈಗಲೇ ಹೇಳಬೇಕು ಎನ್ನಿಸಿತು. ಹೇಳಲು ಯಾರಿದ್ದಾರೆ ಎಂದು ಯೋಚಿಸಿದರೆ, ಕೆಳಗೆ ಗಾಡಿಯಲ್ಲಿ ಕೂತ ಅಕ್ಕನ ಹೊರತು ಒಂದು ಮುಖವೂ ನೆನಪಿಗೆ ಬರಲಿಲ್ಲ.

"ಮತ್ತೆ ಬರ್ತಾಳಾ?"

"ಗೊತ್ತಿಲ್ಲ," ಎಂದರು ಮೇಷ್ಟ್ರು. ಹೇಳುವಾಗ ಪರದೆಯ ಕಡೆ ತಿರುಗಿದರು. ಅಷ್ಟನ್ನು ಅವರು ಇನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಾರೆ ಎಂದು ವಾರ್ಡರಮ್ಮನಿಗೆ ಗೊತ್ತಾಯಿತು. ಒತ್ತಾಯ ಮಾಡಲಿಲ್ಲ. ಮಾತು ಉಳಿಸಿಕೊಂಡವನ ಮೇಲೆ ಆಕೆಗೆ ಗೌರವವೇ ಬಂತು. ಮೆಟ್ಟಿಲ ಕಡೆ ಹೊರಟಳು.

ಮೆಟ್ಟಿಲ ನಡುವಿನ ತಿರುವಿನಲ್ಲಿ ಅಕ್ಕ ನಿಂತಿದ್ದಳು. ತೆಳ್ಳಗಿನ ಹೆಂಗಸು, ಸೆರಗನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

"ಅವರು ಗಾಡಿ ತಿರುಗಿಸ್ತಿದಾರೆ. ನಿಮ್ಮನ್ನ ಕರ್ಕೊಂಡು ಬರ್ತೀನಿ ಅಂತ ನಾನು ಮೇಲೆ ಬಂದೆ."

ಇವಳನ್ನು ಒಂಟಿಯಾಗಿ ನೋಡುತ್ತಿರುವುದು ಇದೇ ಮೊದಲು ಎಂದು ವಾರ್ಡರಮ್ಮನಿಗೆ ಆಗ ಹೊಳೆಯಿತು. ಪ್ರತಿ ಸಲವೂ ಜೊತೆಗೆ ಗಂಡ ಇರುತ್ತಿದ್ದ. ಒಳ್ಳೆಯ ಮಾತಿನವನು. ಬಾಗಿಲು ತೆಗೆದು ಹಿಡಿಯುವವನು, ದೊಡ್ಡಮ್ಮ ಎಂದು ಬಾಯಿ ತುಂಬ ಕರೆಯುವವನು. ಹೆಂಡತಿಯನ್ನು ಕೇಳಿದ ಪ್ರಶ್ನೆಗೂ ಅವನೇ ಉತ್ತರ ಹೇಳಿ, ಅಲ್ಲವೇನೇ ಎಂದು ಅವಳ ಕಡೆ ತಿರುಗುತ್ತಿದ್ದ. ಅವಳು ಹೌದೆಂದು ತಲೆಯಾಡಿಸುತ್ತಿದ್ದಳು.

ವಾರ್ಡರಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಆಕೆಯ ಮುಖ ನೋಡಿಬಿಟ್ಟಿದ್ದಳು. ನೋಡಿದವಳ ಕಣ್ಣು ತುಂಬಿತು. ಕೈಯನ್ನು ಅಡ್ಡ ಹಿಡಿದಳು.

"ಬದುಕಿದ್ದರೆ ನನಗೆ ಹೇಳಬೇಡಿ, ದೊಡ್ಡಮ್ಮ."

ವಾರ್ಡರಮ್ಮ ಒಂದು ಮೆಟ್ಟಿಲು ಇಳಿದು ಅವಳ ಹತ್ತಿರ ಬಂದಳು.

"ಅವರು ಕೇಳ್ತಾರೆ. ಅವರು ಕೇಳಿದರೆ ನಾನು ಹೇಳಿಬಿಡ್ತೀನಿ. ನನ್ನ ಕೈಲಿ ತಡೆಯೋಕಾಗಲ್ಲ."

"ನನ್ನ ಹತ್ತಿರ ಬಂದು ಹುಡುಕಿಕೊಡಿ ಅಂದಿದ್ದು ನೀನಲ್ಲವಾ, ಮಗಳೇ?"

ಅಕ್ಕ ಅಲ್ಲವೆಂದು ತಲೆಯಾಡಿಸಿ ಕೆಳಗಿನ ಮೆಟ್ಟಿಲ ಕಡೆ ನೋಡಿದಳು. ಕೆಳಗಿನಿಂದ ಚಪ್ಪಲಿಯ ಸದ್ದು ಏರುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡ ರೀತಿ ನೋಡಿದರೆ, ಅಷ್ಟು ಬೇಗ ಒರೆಸಿಕೊಳ್ಳುವುದು ಅವಳಿಗೆ ಹೊಸದಲ್ಲ.

ಭಾವ ಬೀಗದಕೈಯನ್ನು ಬೆರಳಲ್ಲಿ ತಿರುಗಿಸುತ್ತ ಬಂದ. ಕರೆಯಲು ಬಂದವಳೂ ಇಲ್ಲೇ ನಿಂತುಬಿಟ್ಟಳಲ್ಲ ಎಂದು ನಕ್ಕ. ಏನಾದರೂ ಸುಳಿವು ಸಿಕ್ಕಿತೇ ಎಂದು ಕೇಳಿದ. ಕೇಳುವಾಗ ಒಂದು ಕೈಯನ್ನು ಹೆಂಡತಿಯ ಹೆಗಲ ಮೇಲೆ ಇಟ್ಟ.

ಜೈಲಿನಲ್ಲಿ ಇದ್ದಷ್ಟು ಕಾಲ ವಾರ್ಡರಮ್ಮ ಸುಳ್ಳು ಕೇಳಿದವಳೇ ಹೊರತು ಹೇಳಿದವಳಲ್ಲ. ಈಗ ಮೊದಲ ಸಲ ಹೇಳಿದಳು.

"ಏನೂ ಇಲ್ಲಪ್ಪ. ಎಲ್ಲ ಹಳೇ ನಡಿಗೆಯಂತೆ. ಪೊಲೀಸರು ಹೇಳಿದ್ದೇ ಸರಿ ಕಾಣುತ್ತೆ."

"ಅಯ್ಯೋ ಪಾಪ," ಎಂದ ಭಾವ. ಹೆಂಡತಿಯ ಹೆಗಲನ್ನು ಮೆಲ್ಲಗೆ ತಟ್ಟಿದ. "ಹೋಗಲಿ ಬಿಡು. ನಡೀರಿ ದೊಡ್ಡಮ್ಮ, ಮನೆಗೆ ಬಿಡ್ತೀನಿ."

ಮೂವರೂ ಇಳಿಯತೊಡಗಿದರು. ಮುಂದೆ ಅವನು, ಹಿಂದೆ ಅಕ್ಕ, ಕೊನೆಯಲ್ಲಿ ವಾರ್ಡರಮ್ಮ. ಬೀದಿಬಾಗಿಲ ಬಿಸಿಲು ಇನ್ನೇನು ಕಾಲಿಗೆ ತಾಗಬೇಕು.

ಮೇಲೆ ಬಾಗಿಲು ತೆರೆಯಿತು. ಕಂಬಿಯ ಮೇಲಿಂದ ಮೇಷ್ಟ್ರ ದನಿ ಕೇಳಿಸಿತು. ತಿರುವಿನ ಕೆಳಗೆ ಯಾರು ಯಾರಿದ್ದಾರೆಂದು ಅವರಿಗೆ ಕಾಣುವಂತಿರಲಿಲ್ಲ. ಹೇಳಲೋ ಬೇಡವೋ ಎಂದು ಇಷ್ಟು ಹೊತ್ತು ಒದ್ದಾಡಿ, ಕೊನೆಗೆ ಹೇಳಿಯೇಬಿಡೋಣ ಎಂದುಕೊಂಡ ಮನುಷ್ಯನ ದನಿ ಅದು. ಅದಕ್ಕೇ ಅಷ್ಟು ದೊಡ್ಡದಾಗಿತ್ತು.

"ಅಮ್ಮಾ, ಹೋಗಿಬಿಟ್ಟಿರಾ? ನಿಮ್ಮ ಹತ್ತಿರ ಮುಚ್ಚಿಟ್ಟು ಮನಸ್ಸು ತಡೀತಿಲ್ಲ. ಶುಕ್ರವಾರ ಮಧ್ಯಾಹ್ನ ಬರ್ತಾಳೆ. ಮುದುಕಿ ಬಾವಿಕಟ್ಟೆ ಹತ್ತೋದು ಒಂದು ಬಾಕಿ ಇದೆ. ನೀವೇ ಬಂದು ಮಾತಾಡಿ."

ಬಾಗಿಲು ಮುಚ್ಚಿತು.

ಅಕ್ಕ ಗೋಡೆ ಹಿಡಿದುಕೊಂಡಳು. ಭಾವ ಎರಡು ಮೆಟ್ಟಿಲು ಕೆಳಗೆ, ಬೆನ್ನು ಹಾಕಿ ನಿಂತಿದ್ದ. ಬೀಗದಕೈ ತಿರುಗುವುದು ನಿಂತಿತ್ತು. ಅವನು ತಿರುಗಲು ಅವಸರ ಮಾಡಲಿಲ್ಲ. ತಿರುಗಿದಾಗ ದನಿ ಎಂದಿನಂತೆಯೇ ಮೆತ್ತಗಿತ್ತು.

"ಯಾರು ಬರ್ತಾರಂತೆ, ದೊಡ್ಡಮ್ಮ?"